ಎಡಪುಟ, ಬಲಪುಟ

ಜೂನ್ 10, 2024, ಸೋಮವಾರ

ಶಾಲೆಗೆಂದು ಹೊಸ ನೋಟ್‌ಬುಕ್ ತಂದೆ. ಇನ್ನೂರು ಪುಟದ್ದು, ದಪ್ಪ ರಟ್ಟು. ಎಡಪುಟ ಕಂಡದ್ದಕ್ಕೆ, ಬಲಪುಟ ಅಂದುಕೊಂಡದ್ದಕ್ಕೆ. ಮಾಂಟೆಸ್ಸರಿ ತರಬೇತಿಯಲ್ಲಿ ಹೇಳಿಕೊಟ್ಟದ್ದೂ ಇದೇ, ಪೋಷಕರ ಸಭೆಯಲ್ಲಿ ನಾನು ಜಂಬದಿಂದ ಹೇಳುವುದೂ ಇದೇ. ರಾತ್ರಿ ಊಟವಾದ ಮೇಲೆ ಹೋದ ವರ್ಷದ ಪುಸ್ತಕ ತಿರುವಿಹಾಕಿದೆ. ಎಡಪುಟದ ತುಂಬ ‘ಹಟಮಾರಿ’, ‘ಇವತ್ತು ಮೂಡ್ ಚೆನ್ನಾಗಿತ್ತು’, ‘ಸೋಮಾರಿ’. ಹಟವನ್ನು ಕಣ್ಣಲ್ಲಿ ಕಂಡವರು ಯಾರು? ಕಂಡದ್ದು ಇಷ್ಟೇ ಇದ್ದಿರಬೇಕು: ಮಗು ಚಾಪೆಯ ಮೇಲೆ ಅಂಗಾತ ಮಲಗಿತು, ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಒದೆಯಿತು, ನನ್ನ ಕಡೆ ನೋಡಿತು. ಮಿಕ್ಕದ್ದು ನಾನು ಸೇರಿಸಿದ್ದು.

ಅದಕ್ಕೇ ಈ ಸಲ ಮನೆಯಲ್ಲಿ ಈ ದಿನಚರಿಯನ್ನೂ ಬರೆಯೋಣ ಅಂತ, ಶಾಲೆಯ ಪುಸ್ತಕದ ಮೇಲೆ ಕಾವಲಿಗೆ. ಇಲ್ಲಿ ಮಕ್ಕಳ ಹೆಸರು ಬೇಡ. ಅಡ್ಡಹೆಸರು ಸಾಕು, ಅದೂ ನನಗೆ ಮಾತ್ರ ಗೊತ್ತಾಗುವಂಥದ್ದು.

ಮೈಸೂರಿನ ಸರಸ್ವತಿಪುರಂನ ನಮ್ಮ ಹಂಚಿನ ಮನೆಯ ಶಾಲೆಯಲ್ಲಿ ಈ ವರ್ಷ ಇಪ್ಪತ್ನಾಲ್ಕು ಮಕ್ಕಳು. ಎರಡೂವರೆ ವರ್ಷದವರಿಂದ ಆರರವರೆಗೆ ಎಲ್ಲ ಒಂದೇ ಕೋಣೆಯಲ್ಲಿ. ಇವತ್ತು ಅತ್ತವರು ಒಂಬತ್ತು. ಕೆಂಪು ಗಾರೆ ನೆಲದ ಮೇಲೆ ಮೂರು ಕಡೆ ಉಚ್ಚೆ. ಆಯಮ್ಮ ಮೂರಕ್ಕೂ ಮೊದಲೇ ಬಟ್ಟೆ ಹಿಡಿದು ನಿಂತಿದ್ದರು. ಹೇಗೆ ಗೊತ್ತಾಯಿತೋ, ಕೇಳಲಿಲ್ಲ.

ಜೂನ್ 20, ಗುರುವಾರ

ಇವತ್ತಿನದು ನನ್ನ ತಪ್ಪು, ಬರೆದೇ ಮಲಗಬೇಕು.

ಬಿಂದಿ ಹುಡುಗಿ (ಹಣೆಗೆ ದಿನವೂ ಒಂದೊಂದು ಬಣ್ಣದ್ದು ಇಟ್ಟುಕೊಂಡು ಬರುತ್ತಾಳೆ, ಮೂರು ವರ್ಷ ನಾಲ್ಕು ತಿಂಗಳು) ಸಿಲಿಂಡರ್ ಬ್ಲಾಕ್ ತೆಗೆದುಕೊಂಡಳು. ಮರದ ಉದ್ದ ದಿಮ್ಮಿ, ಅದರಲ್ಲಿ ಹತ್ತು ಗುಳಿ, ಹತ್ತು ಗುಬುಟಿನ ತುಂಡು. ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಗುಬುಟು ಹಿಡಿದು ಎತ್ತುತ್ತಾಳೆ, ಚಾಪೆಯ ಮೇಲೆ ಸದ್ದಾಗದಂತೆ ಇಡುತ್ತಾಳೆ. ತಿರುಗಿ ತುಂಬುವಾಗ ತೆಳ್ಳನೆಯದು ದೊಡ್ಡ ಗುಳಿಯಲ್ಲಿ ಲೊಡಲೊಡ ಅಂದಿತು. ಅವಳು ತಲೆ ವಾಲಿಸಿ ಆ ಸದ್ದು ಕೇಳಿದಳು, ತೆಗೆದಳು, ಪಕ್ಕದ ಗುಳಿಗೆ ಹಾಕಿದಳು. ತಪ್ಪನ್ನು ಹೇಳಿದ್ದು ಮರ, ಮಕ್ಕಳು ಆಂಟಿ ಎನ್ನುವ ನಾನು ಬಾಯಿಬಿಡಬೇಕಾಗಿ ಬರಲಿಲ್ಲ. ತುಂಬಿದಳು, ಮತ್ತೆ ತೆಗೆದಳು. ನಾನು ಎಡಪುಟದಲ್ಲಿ ಗೆರೆ ಎಳೆಯುತ್ತಾ ಕೂತೆ. ಹನ್ನೊಂದು ಗೆರೆ.

ಆಗ ನೆನಪಾಯಿತು, ಪೋಷಕರ ವಾಟ್ಸ್ಯಾಪ್ ಗುಂಪಿಗೆ ದಿನಕ್ಕೊಂದು ಫೋಟೋ ಹೋಗಬೇಕು. ಮೊಬೈಲ್ ಎತ್ತಿದೆ. ಅವಳು ತಲೆಯೆತ್ತಿ ನೋಡಿ ಹಲ್ಲು ಕಿರಿದಳು, ಎರಡು ಬೆರಳು ವಿ ಆಕಾರದಲ್ಲಿ ಹಿಡಿದಳು. ಫೋಟೋ ಚೆನ್ನಾಗಿ ಬಂತು. ಅವಳು ಬ್ಲಾಕ್ ಅಲ್ಲೇ ಬಿಟ್ಟು ನೀರು ಕುಡಿಯಲು ಹೋದಳು.

1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೋ ಎಂಬ ಬಡವರ ಬಡಾವಣೆಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದ ಮರಿಯಾ ಮಾಂಟೆಸ್ಸರಿ ಇಂಥದೇ ಬ್ಲಾಕ್ ಹಿಡಿದು ಕೂತ ಮೂರು ವರ್ಷದ ಹುಡುಗಿಯನ್ನು ನೋಡುತ್ತಾ ಎಣಿಸಿದ್ದರಂತೆ. ನಲವತ್ತಕ್ಕೂ ಹೆಚ್ಚು ಸಲ. ನಡುವೆ ಮಿಕ್ಕ ಮಕ್ಕಳಿಂದ ಹಾಡು ಹಾಡಿಸಿದರು, ಆ ಮಗುವನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರು, ಮಗು ಬ್ಲಾಕನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿತು. ಅವರ ಹತ್ತಿರ ಮೊಬೈಲ್ ಇರಲಿಲ್ಲ, ಪುಣ್ಯ. ನಮ್ಮ ಹುಡುಗಿಯ ಹನ್ನೆರಡನೆಯದನ್ನು ನಾನು ಕದ್ದೆ.

ಜುಲೈ 3, ಬುಧವಾರ

ಕಿಟಕಿ ಹುಡುಗ. ನಾಲ್ಕು ತುಂಬಿ ಒಂದು ತಿಂಗಳು. ಶಾಲೆಯ ಪುಸ್ತಕದ ಎಡಪುಟವನ್ನೇ ಇಲ್ಲಿಳಿಸುತ್ತೇನೆ:

9-40: ನೀರು ಸುರಿಯುವ ಕೆಲಸ. ಒಂದು ಜಗ್‌ನಿಂದ ಇನ್ನೊಂದಕ್ಕೆ ಆರು ಸಲ. ಚೆಲ್ಲಿದ್ದನ್ನು ಒರೆಸಿದ. 10-02: ತಟ್ಟೆಯನ್ನು ಸ್ವಸ್ಥಾನಕ್ಕಿಟ್ಟ. 10-04: ಕಪಾಟಿನ ಮುಂದೆ ನಿಂತ, ಏನನ್ನೂ ಮುಟ್ಟಲಿಲ್ಲ. 10-06: ಕಿಟಕಿಗೆ ಹೋದ. ಸರಳು ಹಿಡಿದು ತುದಿಗಾಲಲ್ಲಿ. ಹೊರಗಿನ ಶಬ್ದ, ಆಟೋ ಹಾರ್ನ್ ಎರಡು ಸಲ. 10-15: ಕಿಟಕಿ ಬಿಟ್ಟ. ಪಿಂಕ್ ಟವರ್, ಗಟ್ಟಿ ಪೇರಿಸುವುದು. 10-50ರವರೆಗೆ.

ಬಲಪುಟದಲ್ಲಿ ಖುಷಿಯಿಂದ ಬರೆದುಕೊಂಡೆ: ಹುಸಿ ದಣಿವು! ಮಾಂಟೆಸ್ಸರಿ ಮಕ್ಕಳ ಕೆಲಸವನ್ನು ಗ್ರಾಫ್ ಹಾಕಿ ತೋರಿಸಿದ್ದಾರೆ. ಬೆಳಿಗ್ಗೆ ಸುಲಭದ ಕೆಲಸ, ಹತ್ತರ ಸುಮಾರಿಗೆ ಇಡೀ ತರಗತಿಗೆ ಚಡಪಡಿಕೆ, ಗುಲ್ಲು. ಹೊಸ ಶಿಕ್ಷಕಿ ಹೆದರಿ ಎಲ್ಲರನ್ನೂ ಕರೆದು ಆಟಕ್ಕೆ ಬಿಡುತ್ತಾಳೆ. ತಾಳ್ಮೆಯಿಂದ ಸುಮ್ಮನಿದ್ದರೆ ಆ ಅಲೆ ಇಳಿದು, ಮಗು ದಿನದ ದೊಡ್ಡ ಕೆಲಸಕ್ಕೆ ಕೈಹಾಕುತ್ತದೆ. ನನ್ನ ಹುಡುಗ ಗ್ರಾಫಿಗೆ ಕೂತಂತೆ ಕೂತ. ಹಿಂದಿನ ಎಂಟು ದಿನದ ಪುಟ ನೋಡಿದರೂ ಅದೇ: ಹತ್ತು ಗಂಟೆ ಚಿಲ್ಲರೆಗೆ ಕಿಟಕಿ, ಹತ್ತೂಕಾಲಿಗೆ ವಾಪಸು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ನಡೆದಾಗ ಆಗುವ ಸಂತೋಷಕ್ಕೆ ಏನು ಹೆಸರೋ.

ಜುಲೈ 12, ಶುಕ್ರವಾರ

ಮೊದಲ ಆಷಾಢ ಶುಕ್ರವಾರ. ಬೆಳಗಿನ ಜಾವದಿಂದಲೇ ಊರೆಲ್ಲ ಚಾಮುಂಡಿ ಬೆಟ್ಟದ ಕಡೆ. ಇವತ್ತು ಬೆಟ್ಟಕ್ಕೆ ಸ್ವಂತ ವಾಹನ ಬಿಡುವುದಿಲ್ಲ, ಲಲಿತಮಹಲ್ ಮೈದಾನದಿಂದ ಸಾರಿಗೆ ಬಸ್ಸು ಹಿಡಿಯಬೇಕು. ನಮ್ಮಲ್ಲಿ ಏಳು ಮಕ್ಕಳು ಗೈರು. ಬಂದವರಲ್ಲಿ ಇಬ್ಬರ ತಲೆಯಲ್ಲಿ ಮಲ್ಲಿಗೆ, ಒಬ್ಬನ ಜೇಬಲ್ಲಿ ಪ್ರಸಾದದ ಸಕ್ಕರೆ, ಅವನ ಹಿಂದೆ ಇರುವೆ.

ಕಿಟಕಿ ಹುಡುಗ 10-05ರಿಂದ 10-52ರವರೆಗೆ ಕಿಟಕಿ ಬಿಡಲಿಲ್ಲ. ದೊಡ್ಡ ಕೆಲಸ ಬರಲೇ ಇಲ್ಲ. ಬಲಪುಟ: ‘ಹಬ್ಬದ ಗಲಾಟೆ, ಮನೆಯಲ್ಲಿ ಬೇಗ ಎಬ್ಬಿಸಿರಬೇಕು.’

ಜುಲೈ 14, ಭಾನುವಾರ

ಅಕ್ಕನಿಗೆ ಫೋನ್ ಮಾಡಿದ್ದೆ. ಅವಳು ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ನಾನು ‘ಅವಲೋಕನ, ಅವಲೋಕನ’ ಅಂತ ಕೊಚ್ಚಿಕೊಂಡಾಗಲೆಲ್ಲ ಅವಳು ನನ್ನನ್ನು ಇಳಿಸುತ್ತಾಳೆ. “ನೀನು ಇಪ್ಪತ್ನಾಲ್ಕು ಮಕ್ಕಳಿಗೆ ಒಂದು ನೋಟ್‌ಬುಕ್ ಇಟ್ಕೊಂಡು ಕೂತಿದೀಯ. ನಮ್ಮಲ್ಲಿ ಮಗುವೇ ಬರ್ಕೊಳುತ್ತೆ ಕಣೇ.”

ಅದು ನಿಜ. 1995ರಲ್ಲಿ ಇದೇ ಕೋಟೆ ತಾಲ್ಲೂಕಿನ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡು ಪದ್ಧತಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ಹಳ್ಳಿಗಳಿಗೆ ಒಗ್ಗುವಂತೆ ಕಟ್ಟಿದ್ದು ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ, ಆ ಚಿತ್ರದ ಕಾರ್ಡು ತೆಗೆದು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಒಂದು ತಟ್ಟೆಗೆ ಟೀಚರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಜೊತೆಯ ಮಗುವೇ ಮೇಷ್ಟರು. ವಾರ ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತದೆ. ಕೂಲಿಗೆ ಹೋಗುವ ಮನೆಗಳ ಮಕ್ಕಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಅಂತ ಅಕ್ಕನ ವಾದ.

“ಹಾಗಾದ್ರೆ ನಿಂಗೆ ಬರೆಯೋ ಕೆಲಸವೇ ಇಲ್ವಲ್ಲ” ಅಂದೆ. ಅವಳು ನಕ್ಕಳು. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಹಾಲು ಕುಡಿದವರೆಷ್ಟು, ಆಮೇಲೆ ಆನ್‌ಲೈನ್‌ನಲ್ಲಿ ಅದೇ ಇನ್ನೊಂದು ಸಲ. “ಮಕ್ಕಳನ್ನ ನೋಡೋಕೆ ಟೈಮು ಸಿಗೋದು ಬರೆಯೋದು ಮುಗಿದ ಮೇಲೆ. ಅಷ್ಟೊತ್ತಿಗೆ ಅವು ಮನೆಗೆ ಹೋಗಿರ್ತವೆ.”

ಜುಲೈ 19, ಶುಕ್ರವಾರ

ಮತ್ತೆ ಅದೇ. 10-07ರಿಂದ 10-55. ಈ ಸಲ ನಾನು ಹೋಗಿ ಭುಜದ ಮೇಲೆ ಕೈಯಿಟ್ಟು “ಬಾ, ಕಂದು ಮೆಟ್ಟಿಲು ಮಾಡೋಣ” ಅಂದೆ. ಬಂದ. ಎರಡು ತುಂಡು ಜೋಡಿಸಿದ, ಮೂರನೆಯದನ್ನು ಕಾಲಿಂದ ತಳ್ಳಿದ. ಕಣ್ಣಲ್ಲಿ ನೀರಿತ್ತು, ಸದ್ದಿರಲಿಲ್ಲ. ಕೈಹಾಕಬಾರದಿತ್ತು.

ಶುಕ್ರವಾರಕ್ಕೂ ಹುಸಿ ದಣಿವಿಗೂ ಏನು ಸಂಬಂಧ?

ಜುಲೈ 26, ಶುಕ್ರವಾರ

ಮೂರನೇ ಶುಕ್ರವಾರ. 10-05, 10-58. ಬಲಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ, ಅಷ್ಟೇ.

ಜುಲೈ 29, ಸೋಮವಾರ

ಮಕ್ಕಳು ಹೋದ ಮೇಲೆ ಚಾಪೆ ಸುತ್ತುತ್ತಾ ಆಯಮ್ಮನ ಹತ್ತಿರ ಹೇಳಿಕೊಂಡೆ, ಆ ಹುಡುಗ ಶುಕ್ರವಾರ ಯಾಕೆ ಹಾಗೆ ಮಾಡ್ತಾನೋ ತಿಳೀತಿಲ್ಲ ಅಂತ. ಆಯಮ್ಮ ಕಸಬರಿಕೆ ನಿಲ್ಲಿಸಿ ನನ್ನನ್ನೇ ನೋಡಿದರು.

“ಅಯ್ಯೋ, ನಿಮಗ್ ಗೊತ್ತಿಲ್ವಾ ಮೇಡಮ್ಮಾರೆ? ಅವ್ರಪ್ಪನ್ ಆಟೋ ಬತ್ತದೆ ಕನವ್ವ. ಆ ದೊಡ್ ಸ್ಕೂಲ್ ಮಕ್ಕಳ್ನ ಬಿಟ್ಬುಟ್ಟು, ಸ್ಟ್ಯಾಂಡ್‌ಗ್ ಹೋಗೋವಾಗ ಈ ರೋಡಲ್ಲೇ ಬತ್ತಾನೆ. ಎಲ್ಡು ಸಲ ಪೀಂ ಪೀಂ ಅಂತಾನೆ. ಇವನು ಕೈಯೆತ್ತಾನೆ. ಶುಕ್ರವಾರ ಬೆಟ್ಟುದ್ ಬಾಡಿಗೆ ಸಿಕ್ತದೆ, ಲಲಿತಮಾಲ್ ತಾವ್ಲೇ ಇರ್ತಾನೆ, ಎಲ್ಲಿಂದ ಬಂದಾನು?”

ನನಗೆ ಮಾತೇ ಹೊರಡಲಿಲ್ಲ. ಒಳಗೆ ಹೋಗಿ ಪುಸ್ತಕ ತೆಗೆದೆ. ಜುಲೈ 3ರ ಬುಧವಾರ: ‘ಹೊರಗಿನ ಶಬ್ದ, ಆಟೋ ಹಾರ್ನ್ ಎರಡು ಸಲ.’ ಅದರ ಹಿಂದಿನ ಸೋಮವಾರ: ‘ಹಾರ್ನ್.’ ಒಟ್ಟು ಆರು ದಿನ ಬರೆದಿದ್ದೇನೆ, ನನ್ನ ಕೈಯಲ್ಲೇ, ಹೊತ್ತುಸಮೇತ. ಆರೂ ಸಲ ಅದನ್ನು ಅಡಚಣೆ ಎಂದೇ ಲೆಕ್ಕಕ್ಕೆ ಹಿಡಿದಿದ್ದೆ. ಎಡಪುಟ ಸುಳ್ಳು ಹೇಳಿರಲಿಲ್ಲ. ನಾನು ಬಲಪುಟವನ್ನು ಮೊದಲು ತುಂಬಿಕೊಂಡು ಆಮೇಲೆ ಎಡಕ್ಕೆ ನೋಡಿದ್ದೆ.

ಗ್ರಾಫ್ ತಪ್ಪೆಂದು ಹೇಳುತ್ತಿಲ್ಲ. ಬಿಂದಿ ಹುಡುಗಿಯಲ್ಲಿ, ಇನ್ನೂ ಮೂರ್ನಾಲ್ಕು ಮಕ್ಕಳಲ್ಲಿ ಆ ಹತ್ತು ಗಂಟೆಯ ಅಲೆ ಕಾಣುತ್ತೇನೆ. ಆದರೆ ಈ ಹುಡುಗನದು ಅದಲ್ಲ. ಅವನು ಅಪ್ಪನಿಗೆ ಕಾಯುತ್ತಿದ್ದ. ಅಷ್ಟೇ.

ಆಯಮ್ಮನಿಗೆ ಓದು ಬರಹ ಬರುವುದಿಲ್ಲ. ಯಾವ ಮಗು ಬೆಳಿಗ್ಗೆ ತಿಂದಿಲ್ಲ, ಯಾರ ಮನೆಗೆ ಅಜ್ಜಿ ಬಂದಿದ್ದಾರೆ, ಯಾರಿಗೆ ಹೊಟ್ಟೆ ಕಟ್ಟಿದೆ, ಎಲ್ಲ ಅವರ ಬಾಯಲ್ಲಿದೆ. ನಾಳೆಯಿಂದ ಸಂಜೆ ಹತ್ತು ನಿಮಿಷ ಅವರ ಹತ್ತಿರ ಕೂತು ಬರೆದುಕೊಳ್ಳಬೇಕು. ಟೀ ನಾನೇ ಮಾಡುವುದು.

ಆಗಸ್ಟ್ 8, ಗುರುವಾರ

ಐದು ವರ್ಷದ ರಿಬ್ಬನ್ ಹುಡುಗಿ ಇವತ್ತು ಜೋಡಿಸುವ ಅಕ್ಷರಗಳ ಪೆಟ್ಟಿಗೆ ತೆಗೆದಳು. ಅವಳ ಅಜ್ಜಿ ಊರಿಗೆ ಹೋಗಿದ್ದಾರೆ (ಆಯಮ್ಮನ ಮಾಹಿತಿ). ಚಾಪೆಯ ಮೇಲೆ ಇಟ್ಟಳು: ಅ, ಜ, ಜ, ಇ. ಬೆರಳಿಟ್ಟು ಓದಿದಳು: “ಅಜ್ಜಿ.”

ಈ ಪೆಟ್ಟಿಗೆ ಇಟಲಿಯವರಿಗೆ, ಇಂಗ್ಲಿಷಿನವರಿಗೆ ಸಲೀಸು. ಕೆಂಪು ವ್ಯಂಜನ, ನೀಲಿ ಸ್ವರ, ಪಕ್ಕಪಕ್ಕ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಕ-ಗೆ ಗುಡಿಸು ಬಂದರೆ ತಲೆಕಟ್ಟು ಮಾಯವಾಗುತ್ತದೆ, ಕೊಂಬು ಪಕ್ಕಕ್ಕೆ ಅಂಟಿಕೊಳ್ಳುತ್ತದೆ, ಒತ್ತು ಕೆಳಗೆ ಇಳಿಯುತ್ತದೆ. ಹೋದ ಬೇಸಿಗೆ ರಜೆಯಲ್ಲಿ ನಾನು ದಪ್ಪ ಕಾಗದದಲ್ಲಿ ಗುಣಿತದ ಚಿಹ್ನೆಗಳನ್ನೂ ಒತ್ತುಗಳನ್ನೂ ಕತ್ತರಿಸಿಟ್ಟೆ. ಆದರೂ ಸಾಲುವುದಿಲ್ಲ, ಜ-ವತ್ತು ಎರಡೇ ಇವೆ, ಒಂದು ಕಾಣೆಯಾಗಿದೆ.

ಮಗುವಿನ ಪ್ರಗತಿ ಗುರುತಿಸುವ ನಮ್ಮ ಫಾರಂನಲ್ಲಿ ಇದಕ್ಕೆ ಜಾಗವೇ ಇಲ್ಲ. ಒಂದು ಗೆರೆ ಎಳೆದರೆ ಪರಿಚಯ ಮಾಡಿಕೊಟ್ಟಾಯಿತು, ಎರಡನೇ ಗೆರೆಗೆ ಅಭ್ಯಾಸ ನಡೆದಿದೆ, ಮೂರನೆಯದು ಸೇರಿ ತ್ರಿಕೋನವಾದರೆ ಬಂದುಬಿಟ್ಟಿತು. ಅಜಜಇ ಯಾವ ಗೆರೆ? ಅವಳ ಕಿವಿ ಸರಿಯಾಗಿಯೇ ಕೇಳಿದೆ. ಬಾಯಲ್ಲಿ ಹೇಳಿ ನೋಡಿದರೆ ಎರಡು ಜ ಇವೆ, ಕೊನೆಗೊಂದು ಇ ಇದೆ. ಬರಹದ ಕಟ್ಟುಪಾಡು ಅವಳಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ. ಗೆರೆ ಎಳೆಯದೆ ಅಂಚಿನಲ್ಲಿ ಅವಳು ಇಟ್ಟಂತೆಯೇ ಬರೆದುಕೊಂಡೆ.

ಮಕ್ಕಳು ಬೆರಳಾಡಿಸಿ ಕಲಿಯುವ ಮರಳು ಕಾಗದದ ಅಕ್ಷರ ನೋಡಿದಾಗಲೆಲ್ಲ ನಮ್ಮ ತಾತ ಹೇಳುತ್ತಿದ್ದ ಕೂಲಿಮಠ ನೆನಪಾಗುತ್ತದೆ. ಮರಳ ಮೇಲೆ ಬೆರಳು ಸವೆಯುವಷ್ಟು ತಿದ್ದಿಸುತ್ತಿದ್ದರಂತೆ. ಬೆರಳಿಗೆ ಅಕ್ಷರ ಗೊತ್ತಾದರೆ ಕಣ್ಣಿಗೂ ಗೊತ್ತಾಗುತ್ತದೆ ಎಂಬುದು ಅಲ್ಲೂ ಗೊತ್ತಿತ್ತು. ಅಲ್ಲಿ ಬೆತ್ತವೂ ಇತ್ತು, ಅದು ಬೇರೆ ಮಾತು.

ಆಗಸ್ಟ್ 27, ಮಂಗಳವಾರ

ದಸರಾ ಆನೆಗಳು ಅರಮನೆಗೆ ಬಂದಿವೆ, ತೂಕವೂ ಆಗಿದೆ. ಪತ್ರಿಕೆಯ ಚಿತ್ರ ತಂದು ಗೋಡೆಗೆ ಅಂಟಿಸಿದ್ದೆ. ಧನ್ವಂತರಿ ರಸ್ತೆಯ ವೇಬ್ರಿಡ್ಜ್ ಮೇಲೆ ಅಭಿಮನ್ಯು ನಿಂತಿದ್ದಾನೆ, ಐದು ಟನ್ನಿಗೂ ಮಿಗಿಲು. 2020ರಿಂದ ಅಂಬಾರಿ ಹೊರುತ್ತಿರುವವನು. ಕಿಟಕಿ ಹುಡುಗ ಕೇಳಿದ: “ಆಂಟಿ, ಆನೆಗೆ ಗೊತ್ತಾಗುತ್ತಾ, ತೂಗ್ತಾ ಇದಾರೆ ಅಂತ?”

ಮಧ್ಯಾಹ್ನವೆಲ್ಲ ಅದೇ ತಲೆಯಲ್ಲಿ. ವೈದ್ಯೆಯಾಗಿದ್ದ ಮಾಂಟೆಸ್ಸರಿ ಮೊದಮೊದಲು ಮಕ್ಕಳನ್ನು ಅಳೆದೇ ಅಳೆಯುತ್ತಿದ್ದರು: ಎತ್ತರ ತಿಂಗಳಿಗೊಮ್ಮೆ, ತೂಕ ವಾರಕ್ಕೊಮ್ಮೆ, ಪ್ರತಿ ಮಗುವಿಗೂ ಒಂದು ಚೀಟಿ. ನಾನೂ ತೂಗಿಸಿಕೊಂಡವಳೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಪ್ರಯೋಗಕ್ಕೆ ಆರಿಸಿದ್ದು ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕನ್ನು. ಹತ್ತು ಹನ್ನೆರಡು ವರ್ಷದ ಮೇಲೆ ನಾನು ಆ ತಕ್ಕಡಿಯ ಚೀಲದಲ್ಲಿ ತೂಗಾಡಿದೆ. ಚೀಲದಲ್ಲಿ ಕಾಲು ತೂರಿಸಿದ ಕೂಡಲೇ ಕಿರುಚುತ್ತಿದ್ದೆ ಅಂತ ಅಮ್ಮ ಹೇಳುತ್ತಾಳೆ. ಕಾರ್ಡಿನಲ್ಲಿ ಚುಕ್ಕೆ ಹಳದಿ ಪಟ್ಟಿಗೆ ಇಳಿದಾಗ ಅಂಗನವಾಡಿ ಟೀಚರ್ ಮನೆವರೆಗೂ ಬಂದು ಬೈದು ಹೋದರಂತೆ. ಆ ಬೈಗುಳ ನನ್ನನ್ನು ಉಳಿಸಿರಲೂಬಹುದು. ಅಂಕಿಯನ್ನು ಹೀಗಳೆಯುವ ಹಕ್ಕು ನನಗಿಲ್ಲ.

ಹುಡುಗನ ಪ್ರಶ್ನೆಗೆ ಏನು ಹೇಳಿದೆನೆಂದರೆ, “ಮಾವುತನನ್ನು ಕೇಳಬೇಕು.”

ಆಗಸ್ಟ್ 31, ಶನಿವಾರ

ಮರಿಯಾ ಮಾಂಟೆಸ್ಸರಿ ಹುಟ್ಟಿದ ದಿನ (1870). ಮಕ್ಕಳಿಗೆ ರವೆಉಂಡೆ. 1939ರ ನವೆಂಬರಿನಲ್ಲಿ ಮದರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿಯಬೇಕಾಯಿತು. ಇಟಲಿ ಯುದ್ಧಕ್ಕಿಳಿದದ್ದೇ ಮಗ ಮಾರಿಯೋನನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಉಡುಗೊರೆಯೆಂಬಂತೆ ಬಿಟ್ಟುಕೊಟ್ಟರು. ಹುಟ್ಟಿದ ಮಗನನ್ನು ಎಷ್ಟೋ ವರ್ಷ ಬೇರೆಯವರ ಮನೆಯಲ್ಲಿ ಬೆಳೆಯಲು ಬಿಟ್ಟಿದ್ದ ತಾಯಿ ಆಕೆ. ಬೇರೆಯವರ ಮಕ್ಕಳನ್ನು ಅಷ್ಟು ಹೊತ್ತು ನೋಡುತ್ತಾ ಕೂತದ್ದಕ್ಕೂ ಇದಕ್ಕೂ ಗಂಟು ಹಾಕಲು ಮನಸ್ಸಾಗುತ್ತದೆ. ಹಾಕಬಾರದು. ಅದು ಬಲಪುಟದ ಚಾಳಿ.

ಸೆಪ್ಟೆಂಬರ್ 20, ಶುಕ್ರವಾರ

ಪೋಷಕರ ಭೇಟಿ. ಹದಿನೆಂಟು ಮನೆಯವರು ಬಂದರು, ಅವರಲ್ಲಿ ಹನ್ನೆರಡು ಜನ ಕೇಳಿದ್ದು “ಎಬಿಸಿಡಿ ಎಲ್ಲೀವರ್ಗೂ ಆಯ್ತು ಮೇಡಂ?” ಅವರ ತಪ್ಪೇನೂ ಇಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಆ ಶಾಲೆಯವರು ಕೇಳುವುದೂ ಅದನ್ನೇ. ತ್ರಿಕೋನಗಳ ಹಾಳೆ ತೋರಿಸಿದರೆ ನೆಮ್ಮದಿ, ಎಡಪುಟ ಓದಿ ಹೇಳಿದರೆ ಗಡಿಯಾರ ನೋಡುತ್ತಾರೆ.

ಒಬ್ಬರು ಮಾತ್ರ ನಿಂತು ಕೇಳಿದರು. ಖಾಕಿ ಅಂಗಿ, ಕುರ್ಚಿ ಕೊಟ್ಟರೂ ಕೂರಲಿಲ್ಲ. ಕಿಟಕಿ ಹುಡುಗನ ಅಪ್ಪ. ಜೂನ್‌ನಿಂದ ಬರೆದದ್ದನ್ನು ಹೊತ್ತುಸಮೇತ ಓದಿದೆ, ಹಾರ್ನ್‌ನದೂ ಸೇರಿಸಿ. ಅವರ ಮುಖ ಕಪ್ಪಿಟ್ಟಿತು. “ಕ್ಲಾಸ್‌ಗೆ ತೊಂದ್ರೆ ಆಗ್ತಿತ್ತಾ ಮೇಡಂ? ನಾಳೆಯಿಂದ ಹೊಡೆಯಲ್ಲ ಬಿಡಿ.”

ನಾನು ಗಾಬರಿಯಾಗಿ “ಇಲ್ಲ ಇಲ್ಲ, ದಯವಿಟ್ಟು ಹೊಡೀರಿ” ಅಂದುಬಿಟ್ಟೆ. ಪಕ್ಕದಲ್ಲಿದ್ದ ಇನ್ನೊಬ್ಬ ತಾಯಿ ವಿಚಿತ್ರವಾಗಿ ನೋಡಿದರು.

ಅಕ್ಟೋಬರ್ 1, ಮಂಗಳವಾರ

ನಾಳೆ ಗಾಂಧಿ ಜಯಂತಿ, ನಾಡಿದ್ದಿನಿಂದ ದಸರಾ ರಜೆ. ಪಿಂಕ್ ಟವರಿನ ಹತ್ತೂ ಗಟ್ಟಿಗಳನ್ನು ಒರೆಸಿ, ಎಣಿಸಿ, ಡಬ್ಬಕ್ಕೆ ಹಾಕಿದೆ. ಒಂದು ಸೆಂಟಿಮೀಟರಿನ ಪುಟ್ಟದು ಯಾವಾಗಲೂ ಕಳೆಯುವುದು, ಇವತ್ತು ಇತ್ತು. ಕಾಣೆಯಾದ ಜ-ವತ್ತು ಸಿಗಲಿಲ್ಲ. ರಜೆಯಲ್ಲಿ ಇನ್ನು ನಾಲ್ಕು ಕತ್ತರಿಸಬೇಕು.

ಶಾಲೆಯ ಪುಸ್ತಕದಲ್ಲಿ ಇವತ್ತಿನದು: 10-13ಕ್ಕೆ ಹಾರ್ನ್ ಎರಡು ಸಲ. ಕಿಟಕಿ ಹುಡುಗ ಓಡಿಹೋಗಿ ಕೈಯೆತ್ತಿ, ಅರ್ಧ ನಿಮಿಷದಲ್ಲಿ ವಾಪಸು ಬಂದು ಬಿಟ್ಟ ಕೆಲಸಕ್ಕೆ ಕೂತ. ಅವನ ಬಗ್ಗೆ ಇಷ್ಟೇ. ಬಿಂದಿ ಹುಡುಗಿ ಮಾತ್ರ ಮೂರು ದಿನದಿಂದ ಅದೇ ಒಂದು ಮೇಜನ್ನು ತೊಳೆಯುತ್ತಿದ್ದಾಳೆ, ಎಡಮೂಲೆಯನ್ನು ಬಿಟ್ಟು. ಸೋಪು, ಬ್ರಷ್ಷು, ಒಣಬಟ್ಟೆ ಎಲ್ಲ ಕ್ರಮವಾಗಿ ನಡೆಯುತ್ತದೆ. ಆ ಮೂಲೆಗೆ ಬಂದಾಗ ಕೈ ಸುತ್ತಿ ದಾಟಿಹೋಗುತ್ತದೆ. ಹತ್ತಿರ ಹೋಗಿ ನೋಡಿದೆ. ಕಲೆಯಿಲ್ಲ, ಬಿರುಕಿಲ್ಲ, ಇರುವೆಯಿಲ್ಲ.

ಬಲಪುಟದಲ್ಲಿ ಮೂರು ಊಹೆ ಬರೆದು ಮೂರರ ಮುಂದೆಯೂ ಪ್ರಶ್ನಾರ್ಥಕ ಹಾಕಿದೆ. ಆಯಮ್ಮನನ್ನು ಕೇಳೋಣವೆಂದು ಹೊರಗೆ ಬಂದರೆ ಅವರು ಆಗಲೇ ಬೋನಸ್ಸಿನ ಸೀರೆ ಕವರಿಗೆ ಹಾಕಿಕೊಂಡು ಬಸ್ಸಿಗೆ ಹೋಗಿಯಾಗಿತ್ತು.